ಮೂರನೆಯ ದೀಪದ ಹೆಸರು

ಗದಗಿನಲ್ಲಿ ರುದ್ರಗೌಡ ಎಂಬ ಮುದ್ರಣಾಲಯದ ಮಾಲೀಕನಿದ್ದ. ಲಗ್ನಪತ್ರಿಕೆ, ಪಂಚಾಂಗ, ಶಾಲೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುವುದು ಅವನ ಕಸುಬು. ಪ್ರತಿ ಹಾಳೆಯನ್ನೂ ಅಚ್ಚಿಗೆ ಕಳಿಸುವ ಮೊದಲು ಮೂರು ಸಲ ತಾನೇ ತಿದ್ದುತ್ತಿದ್ದ. ಹಾಗೆ ತಿದ್ದಿದ ಮೇಲೆ ಅಕ್ಷರ ಸುಳ್ಳಾಡುವುದಿಲ್ಲ ಎಂದು ನಂಬಿದ್ದ.

ಮನೆಯ ಒಂದು ಕೋಣೆಯಲ್ಲಿ ಕಾಗದದ ರೀಮುಗಳನ್ನು ಪೇರಿಸಿಟ್ಟಿದ್ದ. ಬೆಂಕಿಯ ಭಯವಿತ್ತು. ಅದಕ್ಕೆಂದು ದಸ್ತಗೀರನನ್ನು ಕರೆಸಿದ. ದಸ್ತಗೀರ ಇಪ್ಪತ್ತೈದು ವರ್ಷದಿಂದ ವಯರಿಂಗ್ ಮಾಡುವವನು. ಅವನು ಐದು ಕೋಣೆಗಳ ಚಾವಣಿಗೆ ಹೊಗೆ ಗುರುತಿಸುವ ಯಂತ್ರ ಹಾಕಿದ. ಅಡುಗೆಮನೆಯ ಗೋಡೆಗೆ ಮಾತ್ರ ಬೇರೊಂದು ಯಂತ್ರ ಹಾಕಿದ.

"ಇಲ್ಲೆ ಗ್ಯಾಸಿನ ಜೋಡಿ ಇದ್ದಲಿ ಒಲಿನೂ ಐತಿ ಗೌಡ್ರ. ಇದು ಕಾರ್ಬನ್ ಮೊನಾಕ್ಸೈಡ್ ಹಿಡಿಯೂದು. ಆ ಗಾಳಿಗೆ ಬಣ್ಣಿಲ್ಲ, ವಾಸನಿಲ್ಲ. ನಿದ್ದಿ ಬಂದಂಗ ಬರತೈತಿ, ಎಬ್ಬಸಾಕ ಆಗೂದಿಲ್ಲ."

ಆರೂ ಯಂತ್ರಗಳ ತಂತಿಗಳನ್ನು ಗೋಡೆಯೊಳಗೆ ಎಳೆದು, ಪಡಸಾಲೆಯ ಬಾಗಿಲ ಪಕ್ಕದ ಪ್ಯಾನೆಲ್ಲಿಗೆ ಕೂಡಿಸಿದ. ಪ್ಯಾನೆಲ್ಲಿನಲ್ಲಿ ಆರು ಪುಟ್ಟ ದೀಪಗಳು, ಒಂದು ಸೈರನ್. ಯಾವ ಕೋಣೆಯಲ್ಲಿ ಅಪಾಯವೋ ಆ ದೀಪ ಹತ್ತುತ್ತದೆ, ಸೈರನ್ ಕೂಗುತ್ತದೆ.

ದೀಪಗಳಿಗೆ ದಸ್ತಗೀರ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಲು ಹೋದ. ರುದ್ರಗೌಡ ತಡೆದ. "ನಿನ್ನ ಕಾಗಿ ಕಾಲು ಗುಬ್ಬಿ ಕಾಲು ಬ್ಯಾಡ, ತಡಿ." ತನ್ನ ಪ್ರೆಸ್ಸಿನಲ್ಲಿ ದಪ್ಪಕ್ಷರದ ಚೀಟಿಗಳನ್ನು ಅಚ್ಚು ಹಾಕಿಸಿ, ಮೂರು ಸಲ ತಿದ್ದಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ. ಮೂರನೆಯ ದೀಪದ ಪಕ್ಕ 'ಅಡುಗೆಮನೆ' ಎಂದಿತ್ತು.

ಎರಡು ವರ್ಷ ಕಳೆಯಿತು. ಮನೆಗೆ ಬಂದ ವಾಸ್ತುವಿನವರೊಬ್ಬರು, ಅಡುಗೆಮನೆ ಇರಬೇಕಾದದ್ದು ಆಗ್ನೇಯಕ್ಕೆ, ನಿಮ್ಮದು ವಾಯವ್ಯದಲ್ಲಿದೆ ಎಂದರು. ಒಲೆ, ಕಪಾಟು, ಡಬ್ಬಿಗಳೆಲ್ಲ ದಸ್ತಗೀರ ಯಂತ್ರ ಹಾಕದಿದ್ದ ಆಗ್ನೇಯದ ಕೋಣೆಗೆ ಹೋದವು. ಹಳೆಯ ಅಡುಗೆಮನೆ ಬಚ್ಚಲುಮನೆಯಾಯಿತು. ನೀರಿನ ಪೈಪು ಅಲ್ಲಿ ಮೊದಲೇ ಇತ್ತು, ಹೊರಗೆ ಸಿಲಿಂಡರ್ ಇಡುವ ಜಾಗವೂ ಇತ್ತು. ಗ್ಯಾಸ್ ಗೀಸರ್ ಕೂರಿಸಿದರು. ಬಚ್ಚಲಿಗೆ ಇಷ್ಟು ದೊಡ್ಡ ಕಿಟಕಿ ಯಾಕೆಂದು ಅದನ್ನು ಗವಂಡಿಗಳಿಂದ ಇಟ್ಟಿಗೆಯಲ್ಲಿ ಮುಚ್ಚಿಸಿದರು. ಗೋಡೆಯ ಯಂತ್ರ ಇದ್ದಲ್ಲೇ ಉಳಿಯಿತು.

ರುದ್ರಗೌಡನ ಹೆಂಡತಿ ಸುಮಂಗಲಾ, "ದಸ್ತಗೀರಗ ಒಂದ್ ಮಾತು ಹೇಳ್ರಿ" ಎಂದಳು.

"ತಂತಿ ಅದ, ಗ್ವಾಡಿ ಅದ. ಅಂವಾ ಬಂದು ಏನ್ ಮಾಡ್ತಾನ?" ಎಂದ ರುದ್ರಗೌಡ.

ಚೀಟಿಯ ನೆನಪು ಯಾರಿಗೂ ಆಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸುಮಂಗಲಾ ಎಣ್ಣೆ ಹಚ್ಚಿಕೊಂಡು ತಲೆಸ್ನಾನಕ್ಕೆ ಹೋದಳು. ಒಳಗಿನಿಂದ ಅಗಳಿ ಹಾಕಿದಳು. ಗೀಸರ್ ಉರಿಯತೊಡಗಿತು. ಮನೆಯಲ್ಲಿ ರುದ್ರಗೌಡ, ಅವನ ತಾಯಿ ನಿಂಗವ್ವ, ಹಿಂದಿನ ದಿನ ಬಂದಿದ್ದ ಸುಮಂಗಲೆಯ ತಮ್ಮ ಕಲ್ಲಪ್ಪ ಇದ್ದರು.

ಸ್ವಲ್ಪ ಹೊತ್ತಿನಲ್ಲಿ ಸೈರನ್ ಕೂಗಿತು. ಮೂರನೆಯ ದೀಪ ಹತ್ತಿತ್ತು. ರುದ್ರಗೌಡ ಚೀಟಿ ಓದಿದ. "ಅಡಗಿಮನಿ!" ಎಂದು ಕೂಗುತ್ತಾ ಆಗ್ನೇಯಕ್ಕೆ ಓಡಿದ. ಉಳಿದಿಬ್ಬರೂ ಹಿಂದೆ ಓಡಿದರು.

ಅಡುಗೆಮನೆಯಲ್ಲಿ ಏನೂ ಇರಲಿಲ್ಲ. ಒಲೆ ಆರಿತ್ತು. ಹಂಚು ತಣ್ಣಗಿತ್ತು. ಗ್ಯಾಸಿನ ರೆಗ್ಯುಲೇಟರ್ ಬಂದಾಗಿತ್ತು.

ಕಲ್ಲಪ್ಪ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ಮೂಸಿದ. "ನಿನ್ನಿ ಬದನಿಕಾಯಿ ಪಲ್ಯ ಹಳಸೇತಿ ಮಾವಾರ. ಅದಕ್ಕ ಒದರತಿರಬೇಕು."

"ನಗೂ ಹೊತ್ತಲ್ಲಿದು" ಎಂದು ರುದ್ರಗೌಡ ಪಡಸಾಲೆಗೆ ಹೋಗಿ ಗುಂಡಿ ಒತ್ತಿದ. ಸದ್ದು ನಿಂತಿತು.

ನಿಮಿಷದಲ್ಲಿ ಮತ್ತೆ ಕೂಗಿತು. ಅದೇ ದೀಪ.

ಈ ಸಲ ನಿಂಗವ್ವನಿಗೆ ತನ್ನ ಮೇಲೇ ಸಂಶಯ ಬಂತು. ದೇವರ ಮುಂದೆ ಊದಿನಕಡ್ಡಿ ಹಚ್ಚಿದ್ದಳು. ತಂಬಿಗೆಯ ನೀರು ಸುರಿದು ಆರಿಸಿದಳು. "ಶಿವನೇ, ತಪ್ಪಾತಪ್ಪ" ಎಂದು ಕೈಮುಗಿದಳು. ಸೈರನ್ ನಿಲ್ಲಲಿಲ್ಲ.

"ದೇವರ ಕ್ವಾಣಿ ದೀಪ ಬ್ಯಾರೆ ಐತಿ ಯವ್ವಾ" ಎಂದ ರುದ್ರಗೌಡ.

"ಹಂಗಾರ ಇದು ಯಾರ್ನ ಕರಿಯಾಕತ್ತೇತಿ?"

ರುದ್ರಗೌಡ ಮತ್ತೆ ಆಗ್ನೇಯಕ್ಕೆ ಓಡಿದ. ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದ. ಮೊರ ಹಿಡಿದು ಇಲ್ಲದ ಹೊಗೆಯನ್ನು ಹೊರಗೆ ಬೀಸಿದ.

ಕಲ್ಲಪ್ಪ ಸ್ಟೂಲು ಹತ್ತಿದ. "ಯಂತ್ರದಾಗ ಹಲ್ಲಿ ಹೊಕ್ಕಿರಬೇಕು, ನೋಡ್ತೇನಿ." ಗೋಡೆಯ ಉದ್ದಕ್ಕೂ ಕಣ್ಣಾಡಿಸಿದ. "ಮಾವಾರ, ಇಲ್ಲೆ ಯಂತ್ರನ ಇಲ್ಲಲ್ರೀ?"

ಇರಲಿಲ್ಲ. ನಾಲ್ಕೂ ಗೋಡೆ ಬೋಳಾಗಿದ್ದವು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಯಂತ್ರವೇ ಇಲ್ಲದ ಕೋಣೆಯಿಂದ ಕೂಗು ಬರುವುದು ಹೇಗೆ?

ರುದ್ರಗೌಡ ಯೋಚಿಸಿದ. ಅವನಿಗೊಂದು ಉತ್ತರ ಹೊಳೆಯಿತು. "ಗವಂಡಿಗಳು ಕಿತ್ತು ಒಯ್ದಾರ. ಅದಕ್ಕ ಪ್ಯಾನೆಲ್ಲಿಗೆ ತಲಿ ಕೆಟ್ಟೈತಿ. ಇಲ್ಲದ್ದನ್ನ ಹುಡುಕಿ ಒದರಾಕತ್ತೇತಿ."

ಮಾತು ಸರಿಯಾಗಿಯೇ ಕೇಳುತ್ತಿತ್ತು. ಅವನು ಪಡಸಾಲೆಗೆ ಬಂದು ಪ್ಯಾನೆಲ್ಲಿನ ಮೇಲಿನ ಸ್ವಿಚ್ಚಿಗೆ ಕೈ ಹಾಕಿದ. ಅದನ್ನೊಂದು ಆರಿಸಿ ಒಳಗಿನ ಬ್ಯಾಟರಿ ಬಿಚ್ಚಿದರೆ ಎಲ್ಲವೂ ಶಾಂತ.

ನಿಂಗವ್ವ ಅವನ ಮುಂಗೈ ಹಿಡಿದಳು. "ರುದ್ರಾ, ಹಚ್ಚಿದಾಂವನ್ನ ಕೇಳಿ ಆರಸು."

"ಕೇಳೂದೇನೈತಿ? ಬೈತೇನಿ ನೋಡು ಈಗ" ಎಂದು ಅವನು ಫೋನು ಹಚ್ಚಿದ. "ದಸ್ತಗೀರ, ನಿನ್ನ ಮಿಷನ್‌ಗೆ ಹುಚ್ಚ ಹಿಡದೈತೋ. ಅಡಗಿಮನಿ ಅಂತೈತಿ. ಇಲ್ಲೆ ಒಲಿನೂ ಹತ್ತಿಲ್ಲ, ಯಂತ್ರಾನೂ ಇಲ್ಲ."

ದಸ್ತಗೀರ ವಾದ ಮಾಡಲಿಲ್ಲ. "ಅದು ಆಮ್ಯಾಲೆ ನೋಡೂಣ್ರಿ. ಮೊದಲ ಮನ್ಯಾಗಿನ ಮಂದೀನೆಲ್ಲಾ ಅಂಗಳಕ್ಕ ಕರ್ಕೊಂಡ ಬರ್ರಿ. ತಲಿ ಎಣಸ್ರಿ."

"ಅಲ್ಲೋ, ಏನೂ ಆಗೇ ಇಲ್ಲ..."

"ಎಣಸ್ರಿ ಗೌಡ್ರ."

ಮೂವರೂ ಅಂಗಳಕ್ಕೆ ಬಂದರು. ರುದ್ರಗೌಡ ಬೇಸರದಿಂದಲೇ ಎಣಿಸಿದ. "ಮೂರು."

"ಮನ್ಯಾಗ ಇರೋರು ಎಷ್ಟು?"

"ನಾಕು. ಸುಮಂಗಲಾ ಜಳಕಕ್ಕ ಹೋಗ್ಯಾಳ."

"ಎಲ್ಲೆ?"

"ಎಲ್ಲೆ ಅಂದ್ರ? ಬಚ್ಚಲದಾಗ."

"ನಿಮ್ಮ ಮನ್ಯಾಗ ಬಚ್ಚಲ ಎಲ್ಲೈತ್ರಿ? ನಾ ನೋಡಿದಾಗ ಹಿತ್ತಲದಾಗಿತ್ತು."

"ಈಗ ಅಲ್ಲಿಲ್ಲ. ನಮ್ಮ ಹಳೀ ಅಡಗಿಮನ್ಯಾಗ..."

ಹೇಳುತ್ತಾ ಹೇಳುತ್ತಾ ರುದ್ರಗೌಡ ನಿಂತುಬಿಟ್ಟ. ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿಸಿಕೊಂಡ. ಫೋನು ಕೈಯಿಂದ ಜಾರಿತು. ನೆಲದ ಮೇಲಿಂದಲೇ ದಸ್ತಗೀರ ಕೂಗುತ್ತಿದ್ದ. "ಬಾಗಲಾ ಒಡೀರಿ! ಎಳ್ಕೊಂಡು ಹೊರಗ ಬರ್ರಿ, ಒಳಗ ನಿಂದರಬ್ಯಾಡ್ರಿ!"

ಕಲ್ಲಪ್ಪ ಎರಡು ಒದೆತಕ್ಕೆ ಅಗಳಿ ಮುರಿದ. ಸುಮಂಗಲಾ ಕಲ್ಲಿನ ಮೇಲೆ ಒರಗಿ ಬಿದ್ದಿದ್ದಳು. ಕೈಯಲ್ಲಿ ಚೊಂಬು ಹಾಗೇ ಇತ್ತು. ಮೇಲೆ ಗೋಡೆಯಲ್ಲಿ ಯಂತ್ರದ ಕೆಂಪು ದೀಪ ಆವಿಯ ನಡುವೆ ಮಿನುಗುತ್ತಿತ್ತು. ಕಲ್ಲಪ್ಪ, ರುದ್ರಗೌಡ ಇಬ್ಬರೂ ಸೇರಿ ಅವಳನ್ನು ಅಂಗಳಕ್ಕೆ ಎಳೆದು ತಂದರು. ನಿಂಗವ್ವ ಕೌದಿ ಹೊದಿಸಿದಳು. ಕಲ್ಲಪ್ಪ ಸಿಲಿಂಡರ್ ಬಂದ್ ಮಾಡಿ ಆಂಬುಲೆನ್ಸಿಗೆ ಫೋನು ಮಾಡಿದ. "ಅಕ್ಕಾ, ಏ ಅಕ್ಕಾ" ಎಂದು ಕೆನ್ನೆ ತಟ್ಟಿದ. ಈಗ ಅವನ ಬಾಯಲ್ಲಿ ತಮಾಷೆ ಇರಲಿಲ್ಲ. ತುಂಬ ಹೊತ್ತಿನ ಮೇಲೆ ಅವಳು ಒಂದು ಉಸಿರನ್ನು ಜೋರಾಗಿ ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು. ಕಿಟಕಿಯಿಲ್ಲದ ಬಚ್ಚಲಲ್ಲಿ ಗೀಸರ್ ಉರಿದು ಕಾರ್ಬನ್ ಮೊನಾಕ್ಸೈಡ್ ತುಂಬಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ನಾವು ಮಾಡುವಂಥದ್ದು ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು.

ಮೂರನೆಯ ದಿನ ದಸ್ತಗೀರ ಅವಳನ್ನು ನೋಡಲು ಬಂದ. ರುದ್ರಗೌಡ ಅವನ ಮುಂದೆ ತಲೆ ತಗ್ಗಿಸಿದ. "ನಿನ್ನ ಯಂತ್ರ ಖರೇನ ಹೇಳಿತ್ತೋ. ನನ್ನ ಅಕ್ಷರ ಸುಳ್ಳಾತು."

"ನಾನೂ ವರ್ಷಕ್ಕೊಮ್ಮೆ ಬಂದು ನೋಡಬೇಕಿತ್ತು ಗೌಡ್ರ. ಕರದ್ರ ಹೋದ್ರಾತು ಅಂತ ಕುಂತೆ" ಎಂದ ದಸ್ತಗೀರ.

ನಿಂಗವ್ವ ಸೊಸೆಯ ತಲೆ ಸವರುತ್ತಿದ್ದಳು. "ಅಷ್ಟು ಒದರಾಕತ್ತಿತ್ತಲ್ಲ ಸುಮಂಗಲಾ, ನಿನಗ ಒಳಗ ಕೇಳಿಸಲಿಲ್ಲೇನ?"

ಸುಮಂಗಲಾ ಅತ್ತೆಯ ಕೈ ಹಿಡಿದಳು.

"ಕೇಳಿಸ್ತ್ರಿ ಅತ್ತಿ. ನಿಮ್ಮ ಮಗಾ 'ಅಡಗಿಮನಿ' ಅಂತ ಕೂಗಿದ್ದೂ ಕೇಳಿಸ್ತು. ಅಲ್ಲೆ ಏನೋ ಆಗೈತಿ, ಅವರು ನೋಡ್ಕೋತಾರ ಅನಕೊಂಡು ಇನ್ನೊಂದು ಚೊಂಬು ನೀರು ಹಾಕ್ಕೊಂಡೆ."



ನೀತಿ: ಎಚ್ಚರಿಕೆಯ ಕೂಗು ಕೇಳಿದಾಗ ಅದು ಇನ್ಯಾರಿಗೋ ಎಂದು ಸುಮ್ಮನಿರಬೇಡಿ, ಅರ್ಥವಾಗಲಿಲ್ಲವೆಂದು ಅದರ ಬಾಯಿ ಮುಚ್ಚಿಸಲೂ ಬೇಡಿ. ಮೊದಲು ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಕಾರಣವನ್ನು ಹೊರಗೆ ನಿಂತು ಹುಡುಕಬಹುದು. ಮನೆ ಬದಲಾದ ದಿನವೇ ಅದರ ಮೇಲಿನ ಬರಹವನ್ನೂ ತಿದ್ದಿ.