ಕಾಲ್ಬೆರಳಿಗೆ ಸುತ್ತಿದ ಹಗ್ಗ

ಗದ್ದೆ ಕೆಲಸಕ್ಕೆ ಹೋಗುವ ತಾಯಂದಿರು ತಮ್ಮ ಮಕ್ಕಳನ್ನು ಹೊಳೆದಂಡೆಯ ಆಶ್ರಮದಲ್ಲಿ ಬಿಟ್ಟು ಹೋಗುತ್ತಿದ್ದರು. ಆ ಮಕ್ಕಳನ್ನು ನೋಡಿಕೊಳ್ಳುವುದೇ ಅಲ್ಲಿನ ಶಿಷ್ಯರಿಗೆ ಸಾಧನೆ. ಗುರು ಶಂಕ್ರಮ್ಮನವರನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು.

ಶಿಷ್ಯ ನಾಗಲಿಂಗ ಗರಡಿಯಲ್ಲಿ ಪಳಗಿದ ಆಳು. ಕೋಳಿ ಕೂಗುವ ಮೊದಲೇ ಎದ್ದು ದಂಡ, ಬಸ್ಕಿ ಹೊಡೆಯುತ್ತಿದ್ದ. ಆ ದಿನದ ಕಸರತ್ತು ಅಲ್ಲಿಗೆ ಮುಗಿಯಿತೆಂದು ಅವನ ಲೆಕ್ಕ. ಮಕ್ಕಳಿರುವ ಮನೆಯ ಹೊಣೆಯನ್ನು ಅವ್ವ ತನಗೇ ಒಪ್ಪಿಸಲಿ ಎಂಬ ಆಸೆ ಮಾತ್ರ ಬೆಟ್ಟದಷ್ಟಿತ್ತು.

ತೊಟ್ಟಿಲಿಂದ ತೊಟ್ಟಿಲಿಗೆ ಓಡಾಡುವುದು ದಡ್ಡತನ ಎನಿಸಿ, ಒಂದು ದಿನ ಎಲ್ಲ ತೊಟ್ಟಿಲುಗಳಿಗೂ ಒಂದೇ ಹಗ್ಗ ಬಿಗಿದ. ಅದರ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಗೋಡೆಗೊರಗಿ ಕೂತ.

"ನೋಡಿ ಅವ್ವ, ಕೂತಲ್ಲೇ ಎಲ್ಲಾನೂ ತೂಗ್ತೀನಿ."

"ಜಾಣ. ಏಳೋದು ಯಾವಾಗ?"

"ಬೆಳಗ್ಗೇನೇ ಎದ್ದು ಮೈ ದಂಡಿಸಿದ್ದೀನಲ್ಲ!"

ಅವ್ವ ನಕ್ಕು, ಮಕ್ಕಳ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೇರಿಸಿ ಹೊಳೆಗೆ ಹೋದರು.

ಮಧ್ಯಾಹ್ನ ತೊಟ್ಟಿಲ ಮಕ್ಕಳೆಲ್ಲ ಮಲಗಿದ್ದಾಗ, ಈಗಷ್ಟೇ ನಡೆಯಲು ಕಲಿತಿದ್ದ ಚೆಲುವಿ ಹೊಸ್ತಿಲು ದಾಟಿ ಹೊಳೆಯ ಮೆಟ್ಟಿಲ ಕಡೆ ಹೊರಟಳು.

ನಾಗಲಿಂಗ ಧಡಕ್ಕನೆ ಏಳಹೋದ. ಕಾಲು ಜೋಮು ಹಿಡಿದಿತ್ತು. ಬೆರಳಿಗೆ ಹಗ್ಗ ಬಿಗಿದಿತ್ತು. ಮಕಾಡೆ ಬಿದ್ದ. ತೊಟ್ಟಿಲುಗಳೆಲ್ಲ ಒಟ್ಟಿಗೆ ಜಗ್ಗಿ, ಮಕ್ಕಳೆಲ್ಲ ಒಟ್ಟಿಗೆ ಅತ್ತವು.

"ಚೆಲುವೀ!"

ಕೂಗಿದ್ದು ಆಟಕ್ಕೆಂದುಕೊಂಡು ಅವಳು ಇನ್ನೂ ಜೋರಾಗಿ ಓಡಿದಳು.

ಕೊನೆಯ ಮೆಟ್ಟಿಲಲ್ಲಿ ಒಗೆಯುತ್ತಿದ್ದ ಅವ್ವ ಕೈಯಲ್ಲಿದ್ದುದನ್ನು ಬಿಟ್ಟು ಮಗುವನ್ನು ಎತ್ತಿಕೊಂಡರು. ಬಿಟ್ಟ ಬಟ್ಟೆ ಹೊಳೆಯಲ್ಲಿ ತೇಲಿಹೋಯಿತು.

ನಾಗಲಿಂಗ ಬೆರಳಿನ ಹಗ್ಗ ಬಿಚ್ಚಿಕೊಂಡು ಎದ್ದು ಕೂತ. ಊಟಕ್ಕಿಲ್ಲದ ಉಪ್ಪಿನಕಾಯಿ ಆಯಿತಲ್ಲ ತನ್ನ ಬಲ ಎಂದು ಕಣ್ಣು ತುಂಬಿ ಬಂತು.

ಅವ್ವ ಮಗು, ಬುಟ್ಟಿ ಎರಡನ್ನೂ ಎತ್ತಿಕೊಂಡು ಬಂದವರೇ ತೊಟ್ಟಿಲುಗಳಿಂದ ಹಗ್ಗ ಬಿಚ್ಚಿ ಅವನ ಕೈಗಿತ್ತರು. ಅಂಗಳದ ಎರಡು ಮರ ತೋರಿಸಿದರು.

"ಎತ್ತರಕ್ಕೆ ಕಟ್ಟು. ಬಟ್ಟೆ ಒಣಹಾಕು."

ಅವನು ಬುಟ್ಟಿಗೆ ಬಗ್ಗಿದ, ಹಿಂಡಿ ಕೊಡವಿದ, ತುದಿಗಾಲಲ್ಲಿ ನಿಂತು ಹರವಿದ. ಮತ್ತೆ ಬಗ್ಗಿದ. ಬುಟ್ಟಿ ಖಾಲಿಯಾಗುವಷ್ಟರಲ್ಲಿ ಗರಡಿಯಲ್ಲಿ ಬೆವರುವ ಹಾಗೆಯೇ ಬೆವರಿದ್ದ.

"ಅವ್ವ, ಇಷ್ಟು ಕಸರತ್ತು ಮಾಡೋನ ಕಾಲು ಆಗ ಯಾಕೆ ಏಳ್ಲಿಲ್ಲ?"

"ನಿನ್ನ ಕಾಲು ಎದ್ದಿದ್ದು ಬೆಳಗ್ಗೆ. ಮಗು ಎದ್ದಿದ್ದು ಮಧ್ಯಾಹ್ನ."

ಅವನು ಖಾಲಿ ಬುಟ್ಟಿಯನ್ನು ಮರದ ಬುಡಕ್ಕಿಟ್ಟ.

"ಇನ್ನು ಮಕ್ಕಳನ್ನ ನನ್ನ ಕೈಗೆ ಕೊಡ್ತೀರಾ?"

ಅವ್ವ ಕಂಕುಳಲ್ಲಿದ್ದ ಚೆಲುವಿಯನ್ನು ನೆಲಕ್ಕಿಳಿಸಿದರು. ಇಳಿದದ್ದೇ ತಡ, ಅವಳು ಮತ್ತೆ ಮೆಟ್ಟಿಲ ಕಡೆ ಹೊರಟಳು.

"ಹಾಗಾದ್ರೆ ಅವ್ವ, ನಾನು ಮಾಡಬೇಕಾದ ಸಾಧನೆ..."

"ಪ್ರಶ್ನೆ ಇಲ್ಲೇ ಇರುತ್ತೆ ಕಣಪ್ಪ, ಅವಳು ಇರಲ್ಲ. ಓಡು."