ಹನ್ನೊಂದು ಮುಖ, ಒಂದು ಪಂಚೆ

ಮಾಳಿಂಗ ತಪ್ಪು ಮಾಡಿದ. ಹೊಳೆ ಸಾಯುತ್ತಿದೆ ಎಂದು ಹೇಳಬೇಕಿದ್ದ ಪೋಸ್ಟರಿನಲ್ಲಿ ಹನ್ನೊಂದು ಮುಖ ಬರೆದ. ಎಲ್ಲಕ್ಕೂ ಮೀಸೆ, ಆರಕ್ಕೆ ಕಪ್ಪು ಕನ್ನಡಕ.

ಅವನು ಪೋಸ್ಟರ್ ಬರೆಯುವ ಸಾಬಣ್ಣನ ಶಿಷ್ಯ. ಗುರುವಿನ ಗುಡಿಸಲು ಹೊಳೆಯ ದಂಡೆಯಲ್ಲಿತ್ತು. ಹೊಳೆಯ ಮೇಲ್ಗಡೆಯ ಬಣ್ಣದ ಕಾರ್ಖಾನೆ ತನ್ನ ಹೊಲಸನ್ನು ಅದೇ ಹೊಳೆಗೆ ಬಿಡುತ್ತಿತ್ತು. ಊರು ಅದನ್ನೇ ಕುಡಿಯುತ್ತಿತ್ತು. ಲೋಟದಲ್ಲಿ ನೀರು ಕೆಂಪಗೆ ಕಂಡರೆ ಮಣ್ಣಿರಬೇಕು ಎಂದುಕೊಂಡು ಸುಮ್ಮನಾಗುತ್ತಿತ್ತು.

ಹೊಳೆಯ ವಿಚಾರಣೆಗೆ ಸರ್ಕಾರಿ ಅಧಿಕಾರಿ ಬರುವ ದಿನ ದಂಡೆಗೆ ಜನ ಸೇರಬೇಕು. ಪೋಸ್ಟರು ಅದಕ್ಕೆ.

ಆದರೆ ಹೋರಾಟ ಸಮಿತಿಯ ಹನ್ನೊಂದು ಜನರೂ ತಮ್ಮ ಮುಖ ಇರಲೇಬೇಕೆಂದರು. ಅಧ್ಯಕ್ಷ ಗುಂಡಪ್ಪಗೌಡರು ತಮ್ಮದು ಎರಡು ಪಟ್ಟು ದೊಡ್ಡದಿರಲಿ, ತಲೆಗೆ ಒಂದಿಷ್ಟು ಕೂದಲೂ ಇರಲಿ ಎಂದರು. ಮಾಳಿಂಗ ಕೂದಲು ಸೇರಿಸಿದ. ಹೊಳೆಗೆ ಜಾಗ ಉಳಿಯಲಿಲ್ಲ. ದಿನಾಂಕ ಇರುವೆಯಷ್ಟಾಯಿತು.

ಅಧಿಕಾರಿ ಬಂದ ದಿನ ದಂಡೆಗೆ ಬಂದವಳು ಮುದುಕಿ ನಾಗವ್ವ ಒಬ್ಬಳೇ. ಕೈಯಲ್ಲಿ ಹೂವಿನ ಹಾರ, ಕಣ್ಣಲ್ಲಿ ನೀರು.

"ಹನ್ನೊಂದು ಮಂದಿ ಒಮ್ಮೆಲೇ ಹ್ಯಾಂಗ ಸತ್ತರಪ್ಪಾ?" ಎಂದಳು.

ಸತ್ತವರೆಲ್ಲ ಆಗ ಪೇಟೆಯಲ್ಲಿ ತಮ್ಮ ಮುಖದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಅಧಿಕಾರಿ ನಕ್ಕ. ಮುಂದಿನ ಗುರುವಾರವೂ ಜನ ಬಾರದಿದ್ದರೆ, ಊರಿಗೆ ತಕರಾರಿಲ್ಲ ಎಂದು ಬರೆದು ಕಡತ ಮುಚ್ಚುತ್ತೇನೆ ಎಂದು ಹೇಳಿ ಜೀಪು ಹತ್ತಿದ.

ಮಾಳಿಂಗ ಗುರುವಿನ ಮುಂದೆ ತಲೆ ತಗ್ಗಿಸಿ ಕೂತ. ಅಕ್ಷರಕ್ಕೆ ನೆರಳು ಕೊಡಬೇಕಿತ್ತೇನೋ ಎಂದು ಗೊಣಗಿದ.

"ಹೊಳೆಗೆ ಏನಾಗಿದೆ?" ಸಾಬಣ್ಣ ಕೇಳಿದ.

"ಕೆಟ್ಟಿದೆ."

"ನಿನ್ನ ಪೋಸ್ಟರಿನಲ್ಲಿ?"

"ಜಾಗ ಇರಲಿಲ್ಲ."

ಸಾಬಣ್ಣ ಎದ್ದು ನೇರ ಗೌಡರ ಮನೆಗೆ ನಡೆದ. ಹೊಸ ಪೋಸ್ಟರಿಗೆ ಅವರ ಎಲ್ಲಕ್ಕಿಂತ ಬಿಳಿಯ ಪಂಚೆ ಬೇಕೆಂದ. ಈ ಸಲ ತಮ್ಮನ್ನು ಕಾಲಿನವರೆಗೂ ಬರೆಯುತ್ತಾರೆಂದು ಹಿಗ್ಗಿದ ಗೌಡರು ಇಸ್ತ್ರಿ ಮಾಡಿದ ಜರಿಯಂಚಿನ ಪಂಚೆಯನ್ನೇ ಕೊಟ್ಟರು.

ಗುರು ಅದರ ಅರ್ಧವನ್ನು ಹೊಳೆಯಲ್ಲಿ ಅದ್ದಿ, ಮೇಲೆ ಕಲ್ಲು ಹೇರಿ, ಬೀಡಿ ಹಚ್ಚಿ ಕೂತ.

ಕಾದು ಸಾಕಾದ ಶಿಷ್ಯ ಕುಂಚ ತರಲೇ ಎಂದು ಕೇಳಿದ.

"ಕಾರ್ಖಾನೆಯವನು ಬರೀತಿದ್ದಾನೆ. ಅವನ ಕೈ ತಡೀಬೇಡ."

ಸಂಜೆ ಎತ್ತಿದಾಗ ಪಂಚೆಯ ಮೇಲರ್ಧ ಬಿಳಿ, ಕೆಳಗರ್ಧ ಕೊಳೆತ ಬದನೆಕಾಯಿ. ಮಾಳಿಂಗ ಮೂಗು ಮುಚ್ಚಿಕೊಂಡ. ಗುರು ಹೇಳಿದಂತೆ ಬಿಳಿಯ ಭಾಗದಲ್ಲಿ ಗೇಣುದ್ದದ ಅಕ್ಷರ ಬರೆದ: ಗುರುವಾರ ಹೊಳೆದಂಡೆಗೆ ಬನ್ನಿ. ಮೂಲೆಯಲ್ಲಿ ಒಂದು ಹೂಬಳ್ಳಿ ಬಿಡಿಸಲು ಹೋದವನ ಬೆರಳಿಗೆ ಗುರು ಫಟ್ಟನೆ ಹೊಡೆದ.

ಪಂಚೆಯನ್ನು ಚಹಾದಂಗಡಿಯ ಎದುರಿಗೆ ತೂಗುಹಾಕಿದರು. ಗೌಡರು ಚಹಾದ ಲೋಟ ಹಿಡಿದೇ ಓಡಿಬಂದರು. ತಮ್ಮ ಮುಖವೆಲ್ಲಿ, ತಮ್ಮ ಪಂಚೆಯ ಗತಿಯೇನು ಎಂದು ಕೂಗಾಡಿದರು.

"ದಿನಾ ಹೊಟ್ಟೆ ಒಳಗೆ ಹಾಕ್ಕೊಂಡಿದ್ದೇ, ಗೌಡ್ರೆ. ಇವತ್ತು ಹೊರಗೆ ನೋಡಿದ್ರಿ, ಅಷ್ಟೆ," ಎಂದ ಸಾಬಣ್ಣ.

ಗೌಡರು ಲೋಟವನ್ನು ನೋಡಿದರು. ಮೆಲ್ಲಗೆ ಕೆಳಗಿಟ್ಟರು.

ಗುರುವಾರ ಬೆಳಿಗ್ಗೆ ಪಂಚೆಯ ಸುತ್ತ ಇಡೀ ಊರೇ ಸೇರಿತ್ತು. ಎಂಥ ತಲೆ, ಎಂಥ ಕಲ್ಪನೆ ಎಂದು ಹೊಗಳಿದ್ದೇ ಹೊಗಳಿದ್ದು. ಹೊಳೆಯ ಕಡೆಗೆ ಒಂದು ಕಾಲೂ ಅಲುಗಲಿಲ್ಲ. ಮಾಳಿಂಗ ಉಬ್ಬಿಹೋಗಿ, ಇದರ ಕೆಳಗೆ ತನ್ನ ಹೆಸರು ಬರೆಯಲೇ ಎಂದು ಗುರುವನ್ನು ಕೇಳಿದ.

ದೂರದಲ್ಲಿ ಅಧಿಕಾರಿಯ ಜೀಪು ದಂಡೆಯತ್ತ ಇಳಿಯುವುದು ಕಂಡಿತು.

ಸಾಬಣ್ಣ ಕುಂಚ ಕಸಿದುಕೊಂಡು ಜನರತ್ತ ತಿರುಗಿದ.

"ಓದಿ ಮುಗೀತಲ್ಲ. ಇನ್ನೇನು ನೋಡ್ತೀರಿ? ಮನೆಯಿಂದ ಒಂದು ಬಿಳೀ ಬಟ್ಟೆ ತಗೊಳ್ಳಿ, ಅದ್ದೋಕೆ ಅಧಿಕಾರಿ ಎದುರಿಗೇ ನಿಮ್ಮ ಹೊಳೆಗೆ ಇಳೀರಿ."