ಪುಕ್ಕಟೆ ಕೊಳಲಿನ ಓಲೆಕಟ್ಟು

ಮರಕುಟಿಗ ಬಿದಿರು ಕುಟ್ಟಿ ಕೊಳಲು ಮಾಡಿ ಪುಕ್ಕಟೆ ಕೊಡುತ್ತಿತ್ತು. ಅದಿರುವ ದೂರದ ಬಿದಿರುಮೆಳೆಗೆ ಹೋಗಲಾಗದ ತನ್ನ ನೆರೆಯವರಿಗೆ ತಾನೇ ತಂದು ಹಂಚುವೆನೆಂದು ಅಳಿಲು ಅಪ್ಪಣೆ ಕೇಳಿತು.

"ಧಾರಾಳವಾಗಿ ಹಂಚು. ಆದರೆ ಒಂದೊಂದು ಕೊಳಲಿನ ಜೊತೆಗೂ ನನ್ನ ನಿಯಮ ಬರೆದ ಓಲೆಕಟ್ಟು ಇರಲೇಬೇಕು. ಒಂದು ಓಲೆಯೂ ಹಾಳಾಗಬಾರದು. ನಾನು ಬಂದು ನೋಡಿದ ಮೇಲೆಯೇ ಹಂಚು," ಎಂದಿತು ಮರಕುಟಿಗ.

ನಿಯತ್ತಿನ ಅಳಿಲು ಹತ್ತು ಕೊಳಲು, ಹತ್ತು ಓಲೆಕಟ್ಟು ಹೊತ್ತು ತಂದಿತು. ಅದರ ಪೊಟರೆಯೆಲ್ಲ ಓಲೆಕಟ್ಟುಗಳಿಂದಲೇ ತುಂಬಿಹೋಯಿತು. ಜಾಗ ಸಾಲದೆ ಮರದ ಬುಡದಲ್ಲಿಟ್ಟ ಕೊಳಲುಗಳನ್ನು ಮರಕುಟಿಗ ಬರುವಷ್ಟರಲ್ಲಿ ಗೆದ್ದಲು ತಿಂದು ಮುಗಿಸಿತು.

ತಪಾಸಣೆಗೆ ಬಂದ ಮರಕುಟಿಗ ಓಲೆಗಳನ್ನು ನೋಡಿ, "ಭಲೇ, ಎಲ್ಲವೂ ನಿಯಮದಂತಿದೆ," ಎಂದಿತು.

"ಅಣ್ಣಾ, ಕೊಳಲೇ ಉಳಿದಿಲ್ಲವಲ್ಲ!"

"ಕೊಳಲು ಉಳಿಯಬೇಕೆಂದು ನಾನೆಲ್ಲಿ ಬರೆದಿದ್ದೇನೆ?"

ಅಳಿಲು ಹತ್ತೂ ಕಟ್ಟು ಬಿಚ್ಚಿ ಹುಡುಕಿತು. ಎಲ್ಲಿಯೂ ಬರೆದಿರಲಿಲ್ಲ. ಕೊಳಲಿಗೆಂದು ಬಂದು ಕಾದಿದ್ದ ನೆರೆಯವರಿಗೆ ಒಂದೊಂದು ಓಲೆಕಟ್ಟು ಕೊಟ್ಟು ಕಳಿಸಿತು.